ಅಜ್ಜಿಯ ಮೂಗಿಗೆ ಕಡ್ಡಿ, ಕೈಗೆ ಇಂಗ್ಲಿಷ್ ಚೀಟಿ!



ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇದ್ದಾರೆಯೇ? ಸಕ್ಕರೆ ಕಾಯಿಲೆಯ ಅಪ್ಪ? ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿಬರುವ ಚಿಕ್ಕಪ್ಪ? ಕ್ಯಾನ್ಸರಿಗೆ ಕಿಮೋ ತೆಗೆದುಕೊಳ್ಳುತ್ತಿರುವ ಅತ್ತೆ? ಇದ್ದರೆ ಈ ಮಾತು ನಿಮಗೇ. ಕೊರೊನಾ ಮುಗಿಯಿತೆಂದು ನಾವು ನೀವು ಮಾಸ್ಕು ಬಿಸಾಡಿದ್ದೇವೆ. ಆದರೆ ವೈರಸ್ಸು ಎಲ್ಲಿಗೂ ಹೋಗಿಲ್ಲ. ನಮಗೆ ಎರಡು ದಿನದ ನೆಗಡಿಯಾಗಿ ಹೋಗುವುದು ಅವರನ್ನು ಐ.ಸಿ.ಯು. ಬಾಗಿಲಿಗೆ ಒಯ್ಯಬಲ್ಲದು.

ಅಂಥವರಿಗೆ ರೋಗ ಬೇಗ ಪತ್ತೆಯಾಗಬೇಕು. ಕೊರೊನಾಗೆ ವೈರಸ್ ತಡೆಯುವ ಮಾತ್ರೆಗಳಿವೆ. ಯಾರಿಗೆ ಬೇಕೆಂದು ವೈದ್ಯರೇ ಹೇಳಬೇಕು. ಆದರೆ ಲಕ್ಷಣ ಕಾಣಿಸಿದ ಐದು ದಿನದೊಳಗೆ ಅವನ್ನು ಶುರು ಮಾಡಬೇಕು. 'ನೋಡೋಣ, ನಾಳೆ ಹೋಗೋಣ' ಎಂದು ಕಷಾಯ ಕುಡಿಸುತ್ತಾ ಕೂತರೆ ಆ ಐದು ದಿನ ಕಳೆದೇ ಹೋಗುತ್ತದೆ. ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆಯ ಬೆಲೆ ಇರುವುದು ಇಲ್ಲಿಯೇ.

2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ನಡುವೆ, ಐ.ಸಿ.ಎಂ.ಆರ್. ಅಂಥ ಮೊದಲ ಕಿಟ್‌ಗೆ ಒಪ್ಪಿಗೆ ಕೊಟ್ಟಿತು. ಪುಣೆಯ ಮೈಲ್ಯಾಬ್ ಕಂಪನಿಯ ಕೋವಿಸೆಲ್ಫ್. ಆಗಿನ ಬೆಲೆ 250 ರೂಪಾಯಿ. ಕಡ್ಡಿಯನ್ನು ಎರಡೂ ಹೊಳ್ಳೆಗಳಲ್ಲಿ ತಿರುಗಿಸಬೇಕು, ದ್ರಾವಣದ ಕೊಳವೆಯಲ್ಲಿ ಅದ್ದಬೇಕು, ಎರಡು ಹನಿ ಬಿಟ್ಟು ಹದಿನೈದು ನಿಮಿಷ ಕಾಯಬೇಕು. ಇಪ್ಪತ್ತು ನಿಮಿಷ ದಾಟಿದ ಮೇಲೆ ಮೂಡಿದ ಗೆರೆಗೆ ಬೆಲೆಯಿಲ್ಲ. 'ಸಿ' ಎದುರು ಮಾತ್ರ ಗೆರೆ ಬಂದರೆ ನೆಗೆಟಿವ್. 'ಸಿ' ಮತ್ತು 'ಟಿ' ಎರಡರಲ್ಲೂ ಬಂದರೆ ಪಾಸಿಟಿವ್. 'ಸಿ' ಎದುರು ಗೆರೆಯೇ ಬಾರದಿದ್ದರೆ ಪರೀಕ್ಷೆಯೇ ಕೆಟ್ಟಿತು. ಇಷ್ಟು ಸಾಲದೆಂದು, ಫಲಿತಾಂಶದ ಫೋಟೊ ತೆಗೆದು ಮೊಬೈಲ್ ಆಪಿಗೆ ಹಾಕಿ ಎಂದೂ ಆಗ ಹೇಳಿದರು!

ಈಗ ಹೇಳಿ: ಇಷ್ಟೆಲ್ಲವನ್ನೂ ನಿಮ್ಮ ಅಜ್ಜಿಗೆ ಯಾವ ಭಾಷೆಯಲ್ಲಿ ಹೇಳಬೇಕು? ಔಷಧಿ ಅಂಗಡಿಯಲ್ಲಿ ಮನೆ ಪರೀಕ್ಷೆಯ ಯಾವುದೇ ಪೆಟ್ಟಿಗೆ ಕೈಗೆತ್ತಿಕೊಂಡು ನೋಡಿ. ಕೊರೊನಾದ್ದೇ ಆಗಬೇಕಿಲ್ಲ. ಒಳಗಿನ ಚೀಟಿಯಲ್ಲಿ ಕನ್ನಡ ಹುಡುಕಿ. ಸಿಕ್ಕರೆ ಆ ಕಂಪನಿಗೆ ಶಹಭಾಸ್ ಹೇಳಿ. ಸಿಗದಿದ್ದರೆ ಕೇಳಿ: ಇದು ಯಾರ ಜೀವ ಉಳಿಸಲು ಮಾಡಿದ ಕಿಟ್ಟು? ಇಂಗ್ಲಿಷ್ ಓದಿದ ಇಪ್ಪತ್ತೈದರ ಹುಡುಗನಿಗೆ ಅದರ ತುರ್ತು ಅಷ್ಟಿಲ್ಲ. ತುರ್ತು ಇರುವವರಿಗೆ ಅದನ್ನು ಓದಲಾಗುವುದಿಲ್ಲ. ತಪ್ಪಾಗಿ ಓದಿದ ಒಂದು ಗೆರೆಗೆ ಒಂದು ಜೀವ ಹೋಗಬಹುದು.

ಕಾನೂನು ಏನು ಹೇಳುತ್ತದೆ? ಪೊಟ್ಟಣದ ಸರಕುಗಳಿಗೆ ಕೇಂದ್ರ ಸರ್ಕಾರ 2011ರಲ್ಲಿ ಮಾಡಿದ ನಿಯಮ ನೋಡಿ. ಕಡ್ಡಾಯ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಜೊತೆಗೆ ಬೇರೆ ಭಾಷೆ ಹಾಕಿಕೊಂಡರೆ ಅಡ್ಡಿಯಿಲ್ಲವಂತೆ! ನಮ್ಮ ನೆಲದಲ್ಲಿ ನಮ್ಮ ನುಡಿಗೆ ಸಿಕ್ಕ ಸ್ಥಾನ 'ಅಡ್ಡಿಯಿಲ್ಲ'. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೇನೋ ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಆದರೆ ಅದು ಕರ್ನಾಟಕದಲ್ಲಿ ತಯಾರಾಗುವ ಸರಕಿಗೆ ಮಾತ್ರ. ಪುಣೆಯಿಂದ, ದಿಲ್ಲಿಯಿಂದ ಬಂದು ಇಲ್ಲಿ ಮಾರಾಟವಾಗುವುದಕ್ಕೆ?

ಯುರೋಪಿನತ್ತ ನೋಡಿ. ಅಲ್ಲಿನ ಒಕ್ಕೂಟದ 2017ರ ಕಾನೂನಿನ ಪ್ರಕಾರ, ಜನ ತಾವೇ ಮಾಡಿಕೊಳ್ಳುವ ಪರೀಕ್ಷೆಯ ವಿವರಗಳು ಅದು ಮಾರಾಟವಾಗುವ ದೇಶ ಹೇಳಿದ ಅಧಿಕೃತ ಭಾಷೆಯಲ್ಲಿ, ಸುಲಭವಾಗಿ ತಿಳಿಯುವಂತೆ ಇರಬೇಕು. ಹದಿನಾಲ್ಕು ಲಕ್ಷ ಜನರೂ ಇಲ್ಲದ ಎಸ್ಟೋನಿಯಾಗೂ ಆ ಹಕ್ಕಿದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ನಮಗೇಕಿಲ್ಲ?

ನಮ್ಮ ಬೇಡಿಕೆ ಇಷ್ಟೇ. ಕರ್ನಾಟಕದಲ್ಲಿ ಮಾರುವ ಮನೆ ಪರೀಕ್ಷೆಯ ಪ್ರತಿ ಕಿಟ್‌ನಲ್ಲೂ ಚಿತ್ರಸಹಿತ, ದೊಡ್ಡ ಅಕ್ಷರದ ಕನ್ನಡ ಸೂಚನೆ ಇರಲಿ. ಎಲ್ಲೇ ತಯಾರಾದರೂ ಇರಲಿ. ಅಪಾಯದಲ್ಲಿರುವ ಬಡವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕಿಟ್ ಉಚಿತವಾಗಿ ಸಿಗಲಿ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಅರ್ಹರಾದ ಅಪಾಯದ ರೋಗಿಗಳಿಗೆ 2023ರಲ್ಲಿ ಔಷಧಿ ಅಂಗಡಿಯಲ್ಲೇ ಪುಕ್ಕಟೆ ಕೊಡುವ ಏರ್ಪಾಡು ಮಾಡಿದರು. ಮನಸ್ಸಿದ್ದರೆ ಇಲ್ಲೂ ಆಗುತ್ತದೆ.

ಸರ್ಕಾರ ಏಳುವವರೆಗೆ ನೀವು ಕೈಕಟ್ಟಿ ಕೂರಬೇಡಿ. ಮನೆಯ ಹಿರಿಯರಿಗೆ ಜ್ವರ, ಕೆಮ್ಮು ಬಂದ ದಿನವೇ ನೀವೇ ಕೂತು ಪರೀಕ್ಷೆ ಮಾಡಿಸಿ. ಪೆಟ್ಟಿಗೆಯ ಮೇಲಿನ ಅವಧಿ ದಿನಾಂಕ ನೋಡಿ. ಪಾಸಿಟಿವ್ ಬಂದರೆ ಅಂದೇ ವೈದ್ಯರಿಗೆ ತಿಳಿಸಿ. ನೆಗೆಟಿವ್ ಬಂತೆಂದು ನಿಶ್ಚಿಂತೆ ಬೇಡ. ಈ ಪರೀಕ್ಷೆ ಮೊದಲ ದಿನಗಳಲ್ಲಿ ವೈರಸ್ಸನ್ನು ತಪ್ಪಿಸಿಬಿಡುವುದುಂಟು. ಲಕ್ಷಣವಿದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಿ ಎಂದು ಐ.ಸಿ.ಎಂ.ಆರ್. ಅಂದೇ ಹೇಳಿದೆ. ಉಸಿರು ಕಟ್ಟುತ್ತಿದ್ದರೆ ಗೆರೆ ನೋಡುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಆಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಆ ಸೂಚನೆಗಳನ್ನು ಕನ್ನಡದಲ್ಲಿ ಬರೆದು ನಿಮ್ಮ ಬೀದಿಯ ಔಷಧಿ ಅಂಗಡಿಗೆ ಅಂಟಿಸಿ. ಇನ್ನೊಂದು ಪ್ರತಿಯನ್ನು ಆ ಕಂಪನಿಗೆ ಕಳಿಸಿ: 'ನಿಮಗೆ ಬಾರದ ಕೆಲಸ ನಾವೇ ಮಾಡಿದ್ದೇವೆ, ಇನ್ನು ಅಚ್ಚು ಹಾಕಿಸಿ' ಎಂದು.

ನವೆಂಬರ್ ಒಂದರಂದು ಬಾವುಟ ಹಾರಿಸಿದರೆ ಸಾಲದು ಗೆಳೆಯರೇ. ಅಜ್ಜಿಯ ಕೈಯಲ್ಲಿರುವ ಚೀಟಿ ಅಜ್ಜಿಗೆ ಅರ್ಥವಾಗಬೇಕು. ಕನ್ನಡ ಉಳಿಯುವುದು ಅಲ್ಲಿ. ಅಜ್ಜಿ ಉಳಿಯುವುದೂ ಅಲ್ಲೇ.