ಫಿಸಿಯೋಥೆರಪಿ: ಗುರುಪೀಠಕ್ಕೂ ನಮ್ಮ ಮಕ್ಕಳು ಬೇಕು

ಕಳೆದ ತಿಂಗಳ ಒಂದು ಭಾನುವಾರ, ಬಲಿಪೂಜೆ ಮುಗಿದ ಬಳಿಕ ನಮ್ಮ ಧರ್ಮಕೇಂದ್ರದ ದಂಪತಿಯೊಬ್ಬರು ನನ್ನನ್ನು ಕಾಣಲು ಬಂದರು. ಅವರ ಮಗಳು ಫಿಸಿಯೋಥೆರಪಿಯಲ್ಲಿ ನಾಲ್ಕೂವರೆ ವರ್ಷಗಳ ಪದವಿಯನ್ನೂ, ಅನಂತರ ಎರಡು ವರ್ಷಗಳ ಸ್ನಾತಕೋತ್ತರ ಪದವಿಯನ್ನೂ ಮುಗಿಸಿದ್ದಾಳೆ. ಕಾಲೇಜೊಂದರಲ್ಲಿ ಉಪನ್ಯಾಸಕಿಯ ಹುದ್ದೆ ದೊರೆತಿದ್ದು, ಅದನ್ನು ಒಪ್ಪಿಕೊಳ್ಳುವ ಮನಸ್ಸು ಅವಳದು. ಹೆತ್ತವರ ದೃಷ್ಟಿ ಮಾತ್ರ ವಿದೇಶದತ್ತ ನೆಟ್ಟಿದೆ. "ಫಾದರ್, ಪಾಠ ಹೇಳುತ್ತಾ ಕುಳಿತರೆ ಕಲಿಕೆಗೆ ತೆಗೆದ ಬ್ಯಾಂಕಿನ ಸಾಲ ತೀರುವುದು ಯಾವಾಗ? ನೀವಾದರೂ ಅವಳಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದು ತಾಯಿ ಕೇಳಿಕೊಂಡರು. ಆ ಕ್ಷಣದಲ್ಲಿ ನಾನು ಉತ್ತರಿಸಲಿಲ್ಲ. ಅವರ ಪ್ರಶ್ನೆ ನಮ್ಮ ಅನೇಕ ಕುಟುಂಬಗಳ ಪ್ರಶ್ನೆಯೂ ಆಗಿರುವುದರಿಂದ ಇಲ್ಲಿ ಕೆಲವು ವಿಚಾರಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಗೆ ಪಾರ್ಶ್ವವಾಯು ಬಡಿಯಿತು. ಬಲಗಾಲು ಮತ್ತು ಬಲಗೈ ಸ್ವಾಧೀನ ತಪ್ಪಿದವು. ವೈದ್ಯರು ಜೀವ ಉಳಿಸಿದರು. ಆದರೆ ಹಾಸಿಗೆಯಿಂದ ಎದ್ದು ಮನೆಯ ಹೊಸ್ತಿಲು ದಾಟುವಂತೆ ಮಾಡಿದವರು ಫಿಸಿಯೋಥೆರಪಿಯವರು. ಒಂದು ದಿನ ಎರಡು ಕಂಬಿಗಳ ನಡುವೆ ತಾಯಿಯನ್ನು ನಿಲ್ಲಿಸುವ ಅಭ್ಯಾಸ ನಡೆಯುತ್ತಿತ್ತು. ಅವರು ಬಿದ್ದಾರೆಂಬ ಭಯದಿಂದ ವಿದ್ಯಾರ್ಥಿನಿ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಹಿಂದೆ ನಿಂತಿದ್ದ ಅಧ್ಯಾಪಕಿ ಮೆಲುದನಿಯಲ್ಲಿ, "ಕೈ ಸ್ವಲ್ಪ ಸಡಿಲ ಬಿಡು. ಅಮ್ಮನೇ ನಿಲ್ಲಲಿ, ನಾನಿದ್ದೇನೆ" ಎಂದರು. ತಾಯಿ ನಿಂತರು, ಕೆಲವೇ ಕ್ಷಣಗಳ ಕಾಲ. ಆ ಅಧ್ಯಾಪಕಿ ರೋಗಿಯನ್ನೂ ಮುಟ್ಟಲಿಲ್ಲ, ವಿದ್ಯಾರ್ಥಿನಿಯನ್ನೂ ಬದಿಗೆ ಸರಿಸಲಿಲ್ಲ. ಆದರೂ ಅಂದು ಅಲ್ಲಿ ನಡೆದುದೆಲ್ಲವೂ ಅವರಿಂದಲೇ ನಡೆಯಿತು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಸಂತ ಥಾಮಸ್ ಅಕ್ವಿನಾಸರು ಬೋಧಕನನ್ನು ವೈದ್ಯನಿಗೆ ಹೋಲಿಸಿದುದನ್ನು ಕಲಿತಿದ್ದೆ. ಗುಣವಾಗುವ ಶಕ್ತಿ ರೋಗಿಯ ಪ್ರಕೃತಿಯಲ್ಲಿಯೇ ಇದೆ, ವೈದ್ಯನು ಅದಕ್ಕೆ ನೆರವಾಗುತ್ತಾನೆ. ಅಂತೆಯೇ ಅರಿಯುವ ಶಕ್ತಿ ಶಿಷ್ಯನ ಬುದ್ಧಿಯಲ್ಲಿದೆ, ಗುರು ಅದಕ್ಕೆ ಆಸರೆಯಾಗುತ್ತಾನೆ ಎಂಬುದು ಆ ವಿಚಾರದ ಸಾರ. ಪುಸ್ತಕದಲ್ಲಿ ಓದಿದ್ದು ಅಂದು ಆಸ್ಪತ್ರೆಯ ಆ ಕೊಠಡಿಯಲ್ಲಿ ಕಣ್ಣಿಗೆ ಕಂಡಿತು. ರೋಗಿಯ ಕಾಲನ್ನು ರೋಗಿಯೇ ಎತ್ತಬೇಕು, ಪಾಠವನ್ನು ವಿದ್ಯಾರ್ಥಿಯೇ ಅರಿಯಬೇಕು. ನಾಯಕತ್ವವೂ ಇದರಿಂದ ಬೇರೆಯಲ್ಲ. ಇತರರ ಶಕ್ತಿಯನ್ನು ಎಚ್ಚರಿಸಿ, ಅವರು ಬೀಳದಂತೆ ಹಿಂದೆ ನಿಲ್ಲುವುದೇ ನಿಜವಾದ ನಾಯಕತ್ವ.

ನಮ್ಮ ದೇಶದಲ್ಲಿ ಈ ವಿದ್ಯೆಯ ವ್ಯವಸ್ಥಿತ ಶಿಕ್ಷಣ ಆರಂಭವಾದುದು 1950ರ ದಶಕದ ಆದಿಯಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಪೋಲಿಯೋ ಪಿಡುಗಿನಿಂದ ಕಾಲು ಕಳೆದುಕೊಂಡ ಮಕ್ಕಳ ಸಂಕಟವೇ ಅದಕ್ಕೆ ಪ್ರೇರಣೆ. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೆ ಪಾರ್ಶ್ವವಾಯು, ರಸ್ತೆ ಅಪಘಾತ, ಸಂಧಿವಾತ, ಇಳಿವಯಸ್ಸಿನ ದೌರ್ಬಲ್ಯಗಳು ಹೋಗಲಿಲ್ಲ. ಜಗತ್ತಿನಲ್ಲಿ ಸುಮಾರು 240 ಕೋಟಿ ಜನರು, ಅಂದರೆ ಮೂವರಲ್ಲಿ ಒಬ್ಬರು, ಪುನಶ್ಚೇತನ ಚಿಕಿತ್ಸೆಯಿಂದ ಪ್ರಯೋಜನ ಪಡೆಯಬಲ್ಲ ಸ್ಥಿತಿಯಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಮಕ್ಕಳು ದೂರದೇಶದಲ್ಲಿದ್ದು, ವಯಸ್ಸಾದ ಹೆತ್ತವರು ಮಾತ್ರ ಉಳಿದಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿವೆ ಎಂಬುದನ್ನು ಓದುಗರು ತಾವೇ ಎಣಿಸಿ ನೋಡಬಹುದು. ನಾಳೆ ಅವರ ಕೈ ಹಿಡಿಯುವವರನ್ನು ಇಂದು ತರಬೇತುಗೊಳಿಸುವವರು ಯಾರು?

ಈ ಕ್ಷೇತ್ರದಲ್ಲಿ ನಾಯಕತ್ವವೆಂದರೇನು ಎಂಬುದಕ್ಕೆ ಡಾ. ಮೇರಿ ವರ್ಗೀಸ್ ಅವರ ಜೀವನಕ್ಕಿಂತ ಮಿಗಿಲಾದ ನಿದರ್ಶನ ನನಗೆ ತಿಳಿದಿಲ್ಲ. ಅವರು ಫಿಸಿಯೋಥೆರಪಿ ಪದವೀಧರೆಯಲ್ಲ, ವೈದ್ಯೆ. ಆದರೆ ಆ ಚಿಕಿತ್ಸೆಯ ಬೆಲೆಯನ್ನು ತಮ್ಮ ದೇಹದಲ್ಲಿಯೇ ಕಂಡುಕೊಂಡವರು. ಕೇರಳದ ಕ್ರೈಸ್ತ ಮನೆತನದಲ್ಲಿ ಜನಿಸಿದ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಲಿತರು. 1954ರಲ್ಲಿ ಸಂಭವಿಸಿದ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವರ ಎರಡೂ ಕಾಲುಗಳು ಶಕ್ತಿಗುಂದಿದವು. ಮುಂದೆ ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸ್ವಾವಲಂಬಿಯಾಗಿ ಬದುಕುವುದನ್ನು ಅಭ್ಯಾಸಮಾಡಿ, ನ್ಯೂಯಾರ್ಕಿನಲ್ಲಿ ಡಾ. ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನಶ್ಚೇತನ ವೈದ್ಯಶಾಸ್ತ್ರವನ್ನು ಕಲಿತರು. ಅಲ್ಲಿಯೇ ಉಳಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ವೆಲ್ಲೂರಿಗೆ ಹಿಂದಿರುಗಿ ಆ ವಿಭಾಗವನ್ನು ಕಟ್ಟಿದರು. 1966ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರವೂ ಆರಂಭವಾಯಿತು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರನ್ನರಸಿ ಬಂದಿತು. 1986ರಲ್ಲಿ ಅವರು ನಿಧನರಾದರು, ಕೇಂದ್ರ ನಿಲ್ಲಲಿಲ್ಲ. ತಾನಿಲ್ಲದಾಗಲೂ ನಡೆಯುವಂಥ ಕೆಲಸವನ್ನು ಬಿಟ್ಟುಹೋಗುವುದೇ ನಾಯಕನ ಲಕ್ಷಣವಲ್ಲವೇ?

ಇಂದು ಈ ಹಾದಿ ಹಿಂದಿಗಿಂತ ಸ್ಪಷ್ಟವಾಗಿದೆ. ಉಪನ್ಯಾಸಕರಾಗಿ ಸೇರಿದವರು ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂಬ ಮೆಟ್ಟಿಲುಗಳನ್ನೇರಿ ವಿಭಾಗದ ಮುಖ್ಯಸ್ಥರೋ ಪ್ರಾಂಶುಪಾಲರೋ ಆಗಬಹುದು. ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಬಹುದು. ನಮ್ಮ ರಾಜ್ಯದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮ, ಪರೀಕ್ಷೆಗಳ ಹೊಣೆ ಹೊರುವ ಅವಕಾಶವೂ ಇದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಅಲೈಡ್ ಹಾಗೂ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಫಿಸಿಯೋಥೆರಪಿಗೆ ಕಾನೂನಿನ ಮನ್ನಣೆ ನೀಡಿದ್ದು, ರಾಷ್ಟ್ರಮಟ್ಟದಲ್ಲಿ ಆಯೋಗಕ್ಕೂ ರಾಜ್ಯಗಳಲ್ಲಿ ಪರಿಷತ್ತುಗಳಿಗೂ ಅವಕಾಶ ಕಲ್ಪಿಸಿದೆ. ಈ ವೃತ್ತಿಯ ನಿಯಮಗಳನ್ನು ಈ ವೃತ್ತಿಯವರೇ ರೂಪಿಸುವ ಕಾಲ ಬಂದಿದೆ. ಹೆಸರಿನ ಮುಂದೆ 'ಡಾಕ್ಟರ್' ಎಂದು ಬರೆದುಕೊಳ್ಳಬಹುದೇ ಎಂಬ ವಿಷಯ 2025ರಲ್ಲಿ ದೇಶದಾದ್ಯಂತ ಚರ್ಚೆಗೆ ಬಂದಿತು. ಹೆಸರಿನ ಮುಂದೆ ಏನಿದೆ ಎಂಬುದಕ್ಕಿಂತ, ಆ ಹೆಸರಿನವರ ಹಿಂದೆ ಎಷ್ಟು ಮಂದಿ ಶಿಷ್ಯರು ಸಿದ್ಧರಾಗಿದ್ದಾರೆ ಎಂಬುದೇ ಮುಖ್ಯವೆಂದು ನನ್ನ ಅಭಿಪ್ರಾಯ.

ಹಾಗೆಂದು ತಪ್ಪನ್ನೆಲ್ಲ ಹೆತ್ತವರ ಮೇಲೆ ಹೊರಿಸಿದರೆ ಅದು ಅನ್ಯಾಯವಾದೀತು. ಆರೋಗ್ಯ ಸೇವೆಯಲ್ಲಿ ನಮ್ಮ ಸಮುದಾಯಕ್ಕೆ ದೊಡ್ಡ ಪರಂಪರೆಯಿದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಅವರು ಸಣ್ಣ ಹೋಮಿಯೋಪಥಿ ಔಷಧಾಲಯವೊಂದನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ನೀಡಿದರು. ಅಂಥವರ ಹಾದಿಯಲ್ಲಿ ನಡೆಯುತ್ತೇವೆಂದು ಹೇಳಿಕೊಳ್ಳುವ ನಾವು, ಸಂಸ್ಥೆಗಳನ್ನು ನಡೆಸುವ ಧರ್ಮಗುರುಗಳು, ನಮ್ಮ ಅಧ್ಯಾಪಕರನ್ನು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ಹಿಂದೊಮ್ಮೆ ನಾನು ಸಂಸ್ಥೆಯೊಂದರ ಆಡಳಿತ ಸಮಿತಿಯಲ್ಲಿದ್ದೆ. ಹೊಸ ಯಂತ್ರಗಳನ್ನು ಕೊಳ್ಳುವ ಪ್ರಸ್ತಾವ ಹತ್ತು ನಿಮಿಷಗಳಲ್ಲಿ ಅಂಗೀಕಾರವಾಯಿತು. ಫಿಸಿಯೋಥೆರಪಿ ಅಧ್ಯಾಪಕರ ವೇತನ ಪರಿಷ್ಕರಣೆ ಮತ್ತು ಉನ್ನತ ವ್ಯಾಸಂಗದ ರಜೆಯ ಪ್ರಸ್ತಾವವನ್ನು ಮಾತ್ರ ಮುಂದಿನ ಸಭೆಗೆ ತಳ್ಳಲಾಯಿತು. ಅದರ ಮುಂದಿನ ಸಭೆಯಲ್ಲಿಯೂ ಅದು ಬರಲಿಲ್ಲ. ಆ ವಿಭಾಗದ ಮುಖ್ಯಸ್ಥರನ್ನು ಸಭೆಗೆ ಕರೆದಿರಲೂ ಇಲ್ಲ. ನಾನೂ ತಲೆಯಾಡಿಸಿ ಎದ್ದುಬಂದೆ. ವರ್ಷ ಕಳೆಯುವುದರೊಳಗೆ ಇಬ್ಬರು ಒಳ್ಳೆಯ ಅಧ್ಯಾಪಕರು ಹೊರದೇಶಕ್ಕೆ ಹೊರಟುಹೋದರು. ಅವರನ್ನು ಕಳುಹಿಸಿಕೊಟ್ಟವರಲ್ಲಿ ನಾನೂ ಒಬ್ಬನೆಂಬ ಅರಿವು ಇಂದಿಗೂ ನನ್ನನ್ನು ಕಾಡುತ್ತಿದೆ.

ಆದುದರಿಂದ ಸಂಸ್ಥೆಗಳ ಹಿರಿಯರಲ್ಲಿ ನನ್ನ ವಿನಂತಿಯಿಷ್ಟೇ: ಸೇವೆಯ ಹೆಸರಿನಲ್ಲಿ ಕಡಿಮೆ ಸಂಬಳ ನೀಡುವುದು ಸೇವೆಯಲ್ಲ. ವಿಷಯ ಬಲ್ಲ ಶ್ರೀಸಾಮಾನ್ಯ ಕ್ರೈಸ್ತರನ್ನು, ಅದರಲ್ಲೂ ಸ್ತ್ರೀಯರನ್ನು, ತೀರ್ಮಾನ ಕೈಗೊಳ್ಳುವ ಮೇಜಿನ ಬಳಿಗೆ ಕರೆಯೋಣ. ಆಡಳಿತದ ಕುರ್ಚಿಗೆ ನಿಲುವಂಗಿಯೊಂದೇ ಅರ್ಹತೆಯೆಂಬ ಭಾವನೆಯಿಂದ ನಾವು ಹೊರಬರಬೇಕು. ರೋಗಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದ ಆ ವಿದ್ಯಾರ್ಥಿನಿಯಂತೆ ನಾವೂ ಭಯದಿಂದಲೇ ಎಲ್ಲವನ್ನೂ ಹಿಡಿದುಕೊಂಡಿದ್ದೇವೆಯೇ ಎಂದು ಆತ್ಮಶೋಧನೆ ಮಾಡಿಕೊಳ್ಳೋಣ.

ಹೆತ್ತವರಲ್ಲಿಯೂ ಒಂದು ಮಾತು. ವಿದೇಶಕ್ಕೆ ಹೋಗುವುದು ತಪ್ಪಲ್ಲ. ಅಲ್ಲಿ ಬೆವರು ಸುರಿಸಿದವರ ಹಣದಿಂದಲೇ ನಮ್ಮ ಎಷ್ಟೋ ಮನೆಗಳು ಎದ್ದಿವೆ, ತಂಗಿಯರ ಮದುವೆಗಳು ನಡೆದಿವೆ, ಇಗರ್ಜಿಗಳ ಮಾಡುಗಳು ಹೊಸದಾಗಿವೆ. ಹೋಗಿ ಕಲಿತು ಹಿಂದಿರುಗುವುದಾದರೆ ಮೇರಿ ವರ್ಗೀಸ್ ಅವರ ಉದಾಹರಣೆ ಕಣ್ಣ ಮುಂದಿದೆ. ಆದರೆ ಊರಿನಲ್ಲಿ ನಿಂತು ಕಲಿಸುವ ಮಗಳನ್ನು ಸೋತವಳೆಂದು ಭಾವಿಸದಿರಿ. ಒಬ್ಬ ಚಿಕಿತ್ಸಕಿ ದಿನಕ್ಕೆ ಕೆಲವೇ ರೋಗಿಗಳನ್ನು ನೋಡಬಲ್ಲಳು. ವರ್ಷಕ್ಕೆ ಇಪ್ಪತ್ತು ಮಂದಿಯನ್ನು ಸಿದ್ಧಗೊಳಿಸುವ ಅಧ್ಯಾಪಕಿಯ ಕೈ ತಾನು ಎಂದೂ ಕಾಣದ ಹಳ್ಳಿಯ ರೋಗಿಯನ್ನೂ ಮುಟ್ಟುತ್ತದೆ.

ಮರುವಾರ ಆ ದಂಪತಿಯ ಮನೆಗೆ ಹೋಗಿದ್ದೆ. ಸಾಲದ ಲೆಕ್ಕವನ್ನು ಅವರೊಡನೆ ಕುಳಿತು ನೋಡಿದೆ; ಅವರ ಆತಂಕ ಸುಳ್ಳಲ್ಲ. ಕಾಲೇಜು ನೀಡುವ ಸಂಬಳದಲ್ಲಿ ಅದು ತೀರಲು ಹೆಚ್ಚು ವರ್ಷಗಳು ಬೇಕು, ಆದರೆ ತೀರುತ್ತದೆ. ಮಗಳೊಡನೆಯೂ ಮಾತನಾಡಿದೆ, ಬುದ್ಧಿವಾದ ಹೇಳಲಿಲ್ಲ. ಅವಳ ಆಯ್ಕೆ ಏನೆಂದು ಕೇಳಿ, ಅದನ್ನು ಹೆತ್ತವರ ಮುಂದೆಯೇ ಹೇಳುವಂತೆ ತಿಳಿಸಿದೆ. ಮೂರು ವರ್ಷ ಕಲಿಸಿ ನೋಡುತ್ತೇನೆ, ಆಮೇಲೆ ಎಲ್ಲರೂ ಕುಳಿತು ತೀರ್ಮಾನಿಸೋಣ ಎಂದಳು. ತಂದೆ ಬಹಳ ಹೊತ್ತು ಮೌನವಾಗಿದ್ದು, ಆಗಲಿ ಎಂದರು. ಆ ಮೂರು ವರ್ಷಗಳಲ್ಲಿ ಅವಳಿಗೆ ಊರು ಬಿಡುವ ಅನಿವಾರ್ಯತೆ ಬಾರದಂತೆ ನೋಡಿಕೊಳ್ಳುವ ಹೊಣೆ ಈಗ ನಮ್ಮಂಥವರ ಮೇಲಿದೆ.