ಕೈ ದಡ್ಡು ಜಡ್ಡಲ್ಲ, ಕಾಲಿನ ಆಣಿಗೆ ಬ್ಲೇಡ್ ಬ್ಯಾಡ

ದೀಪಾವಳಿಗೆ ಬಂದ ಮಗಳು ನನ್ನ ಅಂಗೈ ಹಿಡದು ನೋಡಿ, "ಯವ್ವಾ, ಎಷ್ಟ ಒರಟ ಆಗ್ಯಾವ ನಿನ್ನ ಕೈ! ಬೆಂಗಳೂರಿಗೆ ಬಾ, ಪಾರ್ಲರಿನಾಗ ಇದನ್ನೆಲ್ಲಾ ತಗಸೋಣು" ಅಂದ್ಲು. ನಾ ನಕ್ಕು ಸುಮ್ಮನಾದೆ. ಆದ್ರ ಮಾತು ಮನಸ್ಸಿನಾಗ ಉಳೀತು.

ನಮ್ಮ ಹಿರೇಕೆರೂರು ಕಡೆ ಜಡ್ಡು ಅಂದ್ರ ರೋಗ. ಪುಸ್ತಕದ ಭಾಷಾದಾಗ ಚರ್ಮ ದಪ್ಪಾಗೂದಕ್ಕೂ ಜಡ್ಡುಗಟ್ಟುವುದು ಅಂತಾರ. ಅದಕ್ಕ ಮಂದಿ ಎರಡೂ ಒಂದ ಅಂತ ತಿಳದಾರೋ ಏನೋ. ಕೈಯಾಗಿನ ದಡ್ಡು ರೋಗ ಅಲ್ರಿ. ಒಂದ ಜಾಗಾದ ಮ್ಯಾಲೆ ದಿನಾ ಒತ್ತು ಬಿದ್ದು ತಿಕ್ಕಾಟ ಆದ್ರ ಚರ್ಮದ ಮ್ಯಾಲಿನ ಪದರು ದಪ್ಪಾಗ್ತದ. ಒಳಗ ಪೆಟ್ಟು ಆಗಬಾರದಂತ ಮೈ ತಾನ ಮಾಡಿಕೊಂಡ ಕಾವಲು ಅದು. ಕಳೆ ತಗ್ಯಾಕಿಗೆ ಅಂಗೈಯಾಗ, ಬರಿಯೋ ಹುಡುಗರಿಗೆ ನಡುಬೆರಳಿನ ಮಗ್ಗಲ, ಚಕ್ಕಳಮಕ್ಕಳ ಹಾಕಿ ನೆಲದ ಮ್ಯಾಲೆ ಕೂಡೋರಿಗೆ ಪಾದದ ಹೊರಗಿನ ಗಂಟಿನ ಮ್ಯಾಲೆ. ಮೊದಲನೇ ಸಲ ಗೋವಿನಜೋಳದ ತೆನಿ ಮುರಿಯಾಕ ಬಂದ ಹುಡುಗಿಗೆ ಬೊಬ್ಬಿ ಏಳ್ತಾವ, ನನಗ ಏಳೂದಿಲ್ಲ. ಇದನ್ನ ಯಾಕ ತಗಸ್ಲಿ?

ಕಾಲಿನ ಮಾತು ಬ್ಯಾರೆ. ದಡ್ಡು ಅಗಲಕ್ಕ ಹರಡಿರ್ತದ, ಭಾಳ ನೋಯೂದಿಲ್ಲ. ಆಣಿ ಸಣ್ಣದು, ನಡುವ ಗಟ್ಟಿ ತಿರುಳು. ಒತ್ತಿದ್ರ ಹರಳು ತುಳದಂಗ ಚುಚ್ತದ. ಮಗ್ಗಲದಿಂದ ಹಿಚುಕಿದ್ರ ನೋವಾಗಿ, ಒಳಗ ಕರಿ ಚುಕ್ಕಿ ಕಂಡ್ರ ಅದು ಬಹುಶಃ ನರಹುಲಿ. ಅದು ವೈರಸ್ಸಿನಿಂದ ಬರೂದು, ಡಾಕ್ಟರಿಗೆ ತೋರಸಬೇಕು.

ನಮ್ಮ ಮಾವನೋರಿಗೆ ಸಕ್ಕರಿ ಬ್ಯಾನಿ ಇತ್ತು. ಕಿರುಬೆರಳಿಗೆ ಆಣಿ ಆದಾಗ ದಾಡಿ ಬ್ಲೇಡಿಲೆ ಕೆತ್ತಿಕೊಂಡ್ರು. "ನೋಡವಾ, ಒಂದಿಷ್ಟೂ ನೋವಾಗಲಿಲ್ಲ" ಅಂತ ನನಗ ತೋರಿಸಿದ್ರು. ನಾನೂ ಅರಿಶಿಣ ಹಚ್ಚಿ ಸುಮ್ಮನಾದೆ. ನೋವಾಗದ ಇದ್ದದ್ದ ಕೆಟ್ಟ ಸುದ್ದಿ ಅಂತ ಮನ್ಯಾಗ ಯಾರಿಗೂ ತಿಳೀಲಿಲ್ಲ. ಸಕ್ಕರಿ ಅವರ ಕಾಲಿನ ನರದ ಅರಿವು ಕಳದಿತ್ತು. ಹದಿನೈದು ದಿನಕ್ಕ ವಾಸನಿ ಬಂತು. ದಾವಣಗೆರೆಗೆ ಒಯ್ದಾಗ ಬೆರಳು ತಗದ್ರು. ಆ ಅರಿಶಿಣದ ಕೈ ನಂದ ಅಂತ ಇವತ್ತಿಗೂ ಕಾಡ್ತದ.

ಅದಕ್ಕ ಹೇಳತೇನಿ. ಸಕ್ಕರಿ ಇಲ್ಲದವರು ಉಗುರುಬೆಚ್ಚಗಿನ ನೀರಾಗ ಹತ್ತು ನಿಮಿಷ ಕಾಲಿಟ್ಟು, ಕಾಲು ತಿಕ್ಕೋ ಕಲ್ಲಿಲೆ ಹಗೂರಕ ತಿಕ್ಕಿ, ಕೊಬ್ಬರಿ ಎಣ್ಣಿ ಇಲ್ಲಾ ಯೂರಿಯಾ ಇರೋ ಕ್ರೀಮು ಹಚ್ಚಬೇಕು. ಹೊಲಕ್ಕ ಹಾಕೋ ಯೂರಿಯಾ ಅಲ್ಲ ಮತ್ತ, ಔಷಧಿ ಅಂಗಡಿಯಾಗ ಕೇಳ್ರಿ! ಒಂದ ದಿನಕ್ಕ ಎಲ್ಲಾ ಕಿತ್ತು ಹಾಕಬಾರದು. ಸಕ್ಕರಿ ಇದ್ದವರು ಬ್ಲೇಡೂ ಮುಟ್ಟಬಾರದು, ಆಣಿಗೆ ಅಂಟಿಸೋ ಪಟ್ಟಿನೂ ತಾವ ಹಚ್ಚಿಕೋಬಾರದು. ಅದರಾಗಿನ ಆಸಿಡ್ ಚೊಲೋ ಚರ್ಮನೂ ಸುಡ್ತದ. ದಿನಾ ರಾತ್ರಿ ಅಂಗಾಲು ನೋಡಿಕೋಬೇಕು. ಬಗ್ಗಾಕ ಆಗದಿದ್ರ ಕನ್ನಡಿ ಹಿಡೀಬೇಕು, ಇಲ್ಲಾ ಮೊಮ್ಮಕ್ಕಳ ಕೈಲೆ ನೋಡಸಬೇಕು.

ಆದ್ರ ಎಷ್ಟ ತಿಕ್ಕಿದ್ರೂ ಒತ್ತು ತಪ್ಪದಿದ್ರ ಆಣಿ ಮತ್ತ ಬರ್ತದ. ಒತ್ತು ಇರೂದು ಚಪ್ಪಲಿಯಾಗ. ಎತ್ತಿನ ಲಾಳ ಸವದ್ರ ನಮ್ಮ ಗಂಡಸರು ಅದ ವಾರ ಹೊಸಾದು ಕಟ್ಟಸ್ತಾರ. ಮನಿ ಹೆಣ್ಮಕ್ಕಳ ಚಪ್ಪಲಿ ಸವದು ಅಂಗಾಲು ನೆಲಕ್ಕ ಹತ್ತಿದ್ರೂ, ಉಂಗುಟ ಹರದು ಪಿನ್ನು ಹಾಕಿಕೊಂಡಿದ್ರೂ ಯಾರೂ ಕೇಳೂದಿಲ್ಲ. ನಾವೂ ಕೇಳೂದಿಲ್ಲ, "ನಡೀತದ ಬಿಡ್ರಿ" ಅಂತೇವಿ. ತಪ್ಪು ನಮ್ಮದೂ ಐತಿ. ಸಕ್ಕರಿ ಇದ್ದವರಿಗೆ ಮೆತ್ತನ್ನ ಎಂಸಿಆರ್ ಚಪ್ಪಲಿ ಸಿಗ್ತಾವ. ಸಂಕ್ರಾಂತಿಗೆ ಸೀರಿ ಒಂದ ಕಡಿಮಿ ಆದ್ರೂ ಚಿಂತಿಲ್ಲ, ಅದನ್ನ ಮೊದಲ ತರಸ್ರಿ.

ಮಗಳಿಗೆ ಫೋನ್ ಮಾಡಿ ಹೇಳೇನಿ: "ಪಾರ್ಲರಿನ ರೊಕ್ಕದಾಗ ನನಗೂ ನಿಮ್ಮಪ್ಪಗೂ ಚಪ್ಪಲಿ ತಗೊಂಡು ಬಾ. ಕೈ ಇದ್ದಂಗ ಇರಲಿ."