ಕಪಾಟಿನ ಹಳೆಯ ಲೆನ್ಸು, ಮಗಳ ಹೊಸ ಕ್ಯಾಮೆರಾ

ಮಳೆಗಾಲಕ್ಕೆ ಮುಂಚೆ ಕಪಾಟು, ಅಟ್ಟ ಖಾಲಿ ಮಾಡುವಾಗ ಹಲವು ಮನೆಗಳಲ್ಲಿ ಒಂದು ಕಪ್ಪು ಚೀಲ ಕೈಗೆ ಸಿಗುತ್ತದೆ. ಒಳಗೆ ರೀಲಿನ ಕಾಲದ ಕ್ಯಾಮೆರಾ, ಒಂದೆರಡು ಲೆನ್ಸು. ಮನೆಯವರು ಗಲ್ಫಿನಿಂದ ತಂದದ್ದಿರಬಹುದು, ಪುತ್ತೂರು ಅಥವಾ ಸುಳ್ಯದ ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಮಾವನದ್ದಿರಬಹುದು. ರೀಲು ತೊಳೆದು ಕೊಡುವವರೇ ಹತ್ತಿರದಲ್ಲಿಲ್ಲದ ಮೇಲೆ ಇದೇಕೆ ಎಂದು ಅದು ಗುಜರಿಯ ರಾಶಿಗೆ ಸೇರುತ್ತದೆ. ಸಹೋದರಿಯರೇ, ಸ್ವಲ್ಪ ತಾಳಿ. ಕ್ಯಾಮೆರಾ ಕೆಲಸಕ್ಕೆ ಬಾರದೆ ಹೋಗಿರಬಹುದು, ಲೆನ್ಸು ಹಾಗಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಮ್ಮ ಕಡೆ ಮದುವೆ, ಮದರಂಗಿ ಕಾರ್ಯಕ್ರಮಗಳಲ್ಲಿ ಹೆಂಗಸರ ಭಾಗದ ಫೋಟೋ ತೆಗೆಯಲು ಹೆಣ್ಣುಮಕ್ಕಳೇ ಬೇಕು ಎನ್ನುವ ಮನೆಗಳಿವೆ. ಆ ಕೆಲಸ ಕಲಿಯಬೇಕೆಂಬ ಆಸೆ ನಮ್ಮ ಹುಡುಗಿಯರಲ್ಲೂ ಇದೆ. ಆದರೆ ಕ್ಯಾಮೆರಾಕ್ಕೆ ಹೇಗೋ ಹಣ ಹೊಂದಿಸಿದ ತಂದೆ ಲೆನ್ಸಿನ ಬೆಲೆ ಕೇಳಿ ಸುಮ್ಮನಾಗುತ್ತಾರೆ. ಮಂದ ಬೆಳಕಿನಲ್ಲೂ ಚಿತ್ರ ಕೊಡುವ ಒಳ್ಳೆಯ ಲೆನ್ಸಿಗೆ ಕ್ಯಾಮೆರಾದಷ್ಟೇ ಬೆಲೆ ಕೊಡಬೇಕಾಗುವುದೂ ಉಂಟು. ಇಲ್ಲಿಯೇ ಆ ಕಪ್ಪು ಚೀಲ ನೆನಪಾಗಬೇಕು.

ಹಳೆಯ ಕ್ಯಾಮೆರಾಗಳಲ್ಲಿ ಲೆನ್ಸಿಗೂ ರೀಲಿಗೂ ನಡುವೆ ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ಅದು ಮೇಲೇಳಲು ಜಾಗ ಬೇಕಲ್ಲ? ಅದಕ್ಕಾಗಿ ಲೆನ್ಸನ್ನು ರೀಲಿನಿಂದ ದೂರ ಇಡುತ್ತಿದ್ದರು. 1959ರಿಂದ ಬಂದ ನಿಕಾನ್ ಎಫ್ ಕ್ಯಾಮೆರಾಗಳಲ್ಲಿ ಲೆನ್ಸು ಕೂರುವ ಬಾಯಿಯಿಂದ ರೀಲಿಗೆ ಇರುವ ದೂರ 46.5 ಮಿಲಿಮೀಟರ್. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೇ ಇಲ್ಲ. ಸೋನಿಯಲ್ಲಿ ಈ ದೂರ 18, ಕೆನಾನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ 16 ಮಿಲಿಮೀಟರ್ ಮಾತ್ರ. ನಿಕಾನಿನ ಹಳೆಯ ಲೆನ್ಸನ್ನು ಸೋನಿಗೆ ಹಾಕಬೇಕಾದರೆ ಉಳಿದ 28.5 ಮಿಲಿಮೀಟರನ್ನು ತುಂಬಿಸಬೇಕು. ಅದನ್ನು ತುಂಬಿಸುವ ಟೊಳ್ಳು ಲೋಹದ ಬಳೆಯೇ ಅಡಾಪ್ಟರ್. ಒಳಗೆ ಗಾಜಿಲ್ಲ, ಯಂತ್ರವಿಲ್ಲ. ಒಂದು ಬದಿ ಲೆನ್ಸಿಗೆ ಹೊಂದುತ್ತದೆ, ಇನ್ನೊಂದು ಬದಿ ಕ್ಯಾಮೆರಾಕ್ಕೆ. ಸಾದಾ ಅಡಾಪ್ಟರ್ ಸಾವಿರ, ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ.

ಕೆನಾನಿನವರು 1987ರಲ್ಲಿ ತಮ್ಮ ಎಫ್‌ಡಿ ಜೋಡಣೆಯನ್ನು ಬಿಟ್ಟು ಇಎಫ್ ತಂದಾಗ ಲಕ್ಷಗಟ್ಟಲೆ ಜನರ ಒಳ್ಳೆಯ ಲೆನ್ಸುಗಳು ಹೊಸ ಕ್ಯಾಮೆರಾಕ್ಕೆ ಸರಿಹೊಂದದೆ ಮೂಲೆ ಸೇರಿದವು. ಎರಡು ದಶಕಗಳ ನಂತರ, 2008ರಲ್ಲಿ ಪ್ಯಾನಸಾನಿಕ್ ಮೊದಲ ಮಿರರ್‌ಲೆಸ್ ಕ್ಯಾಮೆರಾ ತಂದ ಮೇಲೆ, ಒಂದು ಬಳೆಯ ನೆರವಿನಿಂದ ಅವುಗಳಿಗೆ ಮತ್ತೆ ಕೆಲಸ ಸಿಕ್ಕಿತು. ಕಂಪೆನಿ ಸತ್ತಿತೆಂದ ವಸ್ತುವನ್ನು ಬಳಸುವವರೇ ಬದುಕಿಸಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೆ ಕುಕ್ಕರಿನ ಗ್ಯಾಸ್ಕೆಟ್ ಹಾಗೆಯೇ ಇದೂ. ಒಂದು ಕಂಪೆನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಅಡಾಪ್ಟರ್ ತರಿಸುವಾಗ ಲೆನ್ಸಿನ ಜೋಡಣೆ, ಕ್ಯಾಮೆರಾದ ಜೋಡಣೆ ಎರಡನ್ನೂ ಹೇಳಬೇಕು. ರಷ್ಯಾದ ಝೆನಿತ್ ಕ್ಯಾಮೆರಾದ ಹೀಲಿಯೋಸ್ ಲೆನ್ಸು ತಿರುಗಿಸಿ ಬಿಗಿಯುವ ತಿರುಪಿನದು, ಅದಕ್ಕೆ ಎಂ42 ಎನ್ನುತ್ತಾರೆ. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000ದ ಲೆನ್ಸಿಗೆ ಕೆ ಜೋಡಣೆ. ಲೆನ್ಸಿನ ಮೇಲೆ ಅಪರ್ಚರ್ ತಿರುಗಿಸುವ ಬಳೆ ಇದೆಯೇ ಎಂದೂ ನೋಡಿ. ನಿಕಾನಿನ ಜಿ ಎಂಬ ಅಕ್ಷರವಿರುವ ಲೆನ್ಸುಗಳಲ್ಲಿ ಅದಿಲ್ಲ. ಅವಕ್ಕೆ ತನ್ನದೇ ಬಳೆಯಿರುವ ಬೇರೆ ಅಡಾಪ್ಟರ್ ಬೇಕು.

ಜೋಡಿಸಿದ ಮೇಲೆ ಬಹಳ ಮಂದಿ ಹೆದರುವುದು ಕ್ಯಾಮೆರಾ ಕ್ಲಿಕ್ ಆಗದೇ ಇದ್ದಾಗ. ಕೆಟ್ಟಿಲ್ಲ, ತನಗೆ ಲೆನ್ಸೇ ಹಾಕಿಲ್ಲ ಎಂದು ಅದು ಭಾವಿಸಿದೆ ಅಷ್ಟೆ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡಲು ಅನುಮತಿ ಕೊಡುವ ಆಯ್ಕೆ ಇರುತ್ತದೆ. ಫೋಕಸನ್ನು ಕೈಯಿಂದಲೇ ಮಾಡಬೇಕು. ಫೋಕಸ್ ಪೀಕಿಂಗ್ ಎಂಬುದನ್ನು ಹಾಕಿಟ್ಟರೆ ಸ್ಪಷ್ಟವಾದ ಅಂಚುಗಳು ಪರದೆಯಲ್ಲಿ ಬಣ್ಣದಲ್ಲಿ ಮಿನುಗುತ್ತವೆ. ಕಣ್ಣಿನ ರೆಪ್ಪೆಯಂಥ ಸೂಕ್ಷ್ಮಕ್ಕೆ ಅದು ಸಾಲದು, ಚಿತ್ರವನ್ನು ದೊಡ್ಡದು ಮಾಡಿಯೇ ನೋಡಬೇಕು. ಕ್ಯಾಮೆರಾದೊಳಗೆ ನಡುಕ ತಡೆಯುವ ವ್ಯವಸ್ಥೆಯಿದ್ದರೆ ಲೆನ್ಸು 50ರದ್ದೋ 135ರದ್ದೋ ಎಂದು ಅದಕ್ಕೆ ನಾವೇ ತಿಳಿಸಬೇಕು. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ 50ರ ಲೆನ್ಸು ಸುಮಾರು 75ರದ್ದರಂತೆ ಹತ್ತಿರ ತೋರಿಸುತ್ತದೆ. ಒಬ್ಬಳ ಮುಖಕ್ಕೆ ಅದು ಚೆಂದ, ಕೋಣೆ ತುಂಬ ಕುಳಿತ ನೆಂಟರಿಗೆ ಆಗದು.

ಹೊಸ ಅಡಾಪ್ಟರನ್ನು ಮೊದಲ ದಿನವೇ ಪರೀಕ್ಷಿಸಿ. ಲೆನ್ಸನ್ನು ಕೊನೆಯವರೆಗೆ ತಿರುಗಿಸಿ ದೂರದ ಗುಡ್ಡ ನೋಡಿ. ಸುಬ್ರಹ್ಮಣ್ಯದ ಕಡೆಯವರಿಗೆ ಕುಮಾರ ಪರ್ವತವೇ ಇದೆಯಲ್ಲ! ಗುಡ್ಡ ಮಸುಕಾಗಿಯೇ ಉಳಿದರೆ ಬಳೆ ಕೂದಲೆಳೆಯಷ್ಟು ದಪ್ಪವಾಗಿದೆ ಎಂದರ್ಥ. ಹಿಂದಿರುಗಿಸಿ ಬೇರೆ ತರಿಸಿ.

ಇನ್ನು ತಾಯಂದಿರಿಗೆ ಒಂದು ಮಾತು. "ಅಜ್ಜನ ಲೆನ್ಸ್ ಇದೆಯಲ್ಲ, ಅದರಲ್ಲೇ ಮದುವೆ ತೆಗೆ" ಎಂದು ಮಗಳನ್ನು ಕಳಿಸಬೇಡಿ. ಮದುಮಗಳು ಒಳಗೆ ಬರುವ ಆ ನಾಲ್ಕು ಹೆಜ್ಜೆ ಮತ್ತೊಮ್ಮೆ ಬರುವುದಿಲ್ಲ. ಕೈಯಿಂದ ಫೋಕಸ್ ಮಾಡುವಷ್ಟರಲ್ಲಿ ಅವಳು ಕುರ್ಚಿಯಲ್ಲಿ ಕುಳಿತಾಗಿರುತ್ತದೆ. ಒಂದು ಮದುವೆ ಕೆಟ್ಟರೆ ಹೊಸಬಳ ಹೆಸರೂ ಕೆಡುತ್ತದೆ. ತಾನಾಗಿ ಫೋಕಸ್ ಆಗುವ ಒಂದು ಲೆನ್ಸು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಆ ಕೆಲಸಕ್ಕೆ ಬೇಕೇ ಬೇಕು. ಮದರಂಗಿ ಹಚ್ಚಿದ ಕೈ, ಒಡವೆ, ಸೀರೆಯ ಅಂಚು, ಮಲಗಿದ ಮಗು, ಮಾರಾಟಕ್ಕಿಟ್ಟ ಕೇಕು ಮುಂತಾಗಿ ಕದಲದೆ ಇರುವುದಕ್ಕೆಲ್ಲ ಹಳೆಯ ಲೆನ್ಸು ಧಾರಾಳ ಸಾಕು. ಕಲಿಯಲಿಕ್ಕಂತೂ ಅದರಷ್ಟು ಒಳ್ಳೆಯ ಗುರು ಇಲ್ಲ. ಬೆಳಕನ್ನೂ ದೂರವನ್ನೂ ಹುಡುಗಿ ತಾನೇ ಅಳೆಯಬೇಕಾಗುತ್ತದೆ.

ಮನೆಯಲ್ಲಿರುವುದು ಕೆನಾನಿನ ಇಎಫ್ ಲೆನ್ಸಾದರೆ ವಿಷಯ ಬೇರೆ. ಫೋಕಸ್ ಮಾಡುವ ಮೋಟಾರು ಲೆನ್ಸಿನೊಳಗೇ ಇರುವುದರಿಂದ ಕೆನಾನಿನದ್ದೇ ಅಡಾಪ್ಟರ್ ಹಾಕಿದರೆ ಅದು ಹೊಸ ಕ್ಯಾಮೆರಾದಲ್ಲಿ ತಾನಾಗಿ ಫೋಕಸ್ ಆಗುತ್ತದೆ. ಮೋಟಾರಿಲ್ಲದ ನಿಕಾನ್ ಎಎಫ್-ಡಿ ಲೆನ್ಸುಗಳಿಗೆ ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಈ ಭಾಗ್ಯವಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕುವ ಮೊದಲು ಲೆನ್ಸಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಘಟ್ಟದ ಬುಡದ ಸುಳ್ಯ, ಕಡಬಗಳಲ್ಲಿ ಅದರ ಜೋರು ಗೊತ್ತೇ ಇದೆ. ಅಡಿಕೆಗೆ ಬೂಷ್ಟು ಬರುವ ಹವೆಯಲ್ಲಿ ಗಾಜಿಗೂ ಬರುತ್ತದೆ. ಜೇಡರ ಬಲೆಯಂತೆ ಬಿಳಿ ಎಳೆಗಳು ಕಂಡರೆ ಅದೇ. ಬಟ್ಟೆಯಿಂದ ಒರೆಸಿದರೆ ಹೋಗದು, ಲೆನ್ಸು ಬಿಚ್ಚಿ ತೊಳೆಯುವವರ ಕೈಗೇ ಕೊಡಬೇಕು. ಗಾಜಿನ ಲೇಪವನ್ನೇ ತಿಂದಿದ್ದರೆ ಗುರುತು ಉಳಿಯುತ್ತದೆ. ತೊಳೆಯುವ ಖರ್ಚು ಲೆನ್ಸಿನ ಬೆಲೆಗಿಂತ ಹೆಚ್ಚಾಗುವುದಾದರೆ ಆಸೆ ಬಿಡುವುದೇ ಲೇಸು. ಅಂಥದ್ದನ್ನು ಗುಜರಿಗೆ ಕೊಡಲು ನನ್ನ ಅಡ್ಡಿಯಿಲ್ಲ.

ಚೆನ್ನಾಗಿದ್ದರೆ ಆ ಚರ್ಮದ ಚೀಲದಲ್ಲಿ ಮತ್ತೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಅಕ್ಕಿ ಡಬ್ಬಿಯೂ ಬೇಡ, ಅದರ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ತೇವ ಅಳೆಯುವ ಚಿಕ್ಕ ಮೀಟರ್ ಇಟ್ಟರೆ ಇನ್ನೂ ಒಳ್ಳೆಯದು, 40ರಿಂದ 50 ಶೇಕಡ ಇದ್ದರೆ ಸಾಕು. ನೀಲಿ ಹರಳು ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಆ ಬಣ್ಣದಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಬಾಣಲೆಯನ್ನು ಇದಕ್ಕೆ ಮುಟ್ಟಿಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಬಿಸಿಲಿಗೆ ಇಡುವವರಿದ್ದಾರೆ. ಮುಚ್ಚಳ ತೆಗೆದ ಲೆನ್ಸು ಬಿಸಿಲಿನಲ್ಲಿ ಭೂತಗನ್ನಡಿಯೇ ಸರಿ. ಕಿಟಕಿಯ ಪರದೆಗೋ ಹಾಸಿಗೆಗೋ ಬೆಂಕಿ ಹತ್ತಿದರೆ ಆಶ್ಚರ್ಯವಿಲ್ಲ.